ನಮ್ಮ ದೊಡ್ಡಪ್ಪ, ಹಡಗಿನ ಭಂಡಾರಿ

ಹಾಸನ, ಆಲೂರು, ಸಕಲೇಶಪುರದ ಕಡೆ ಮದುವೆ ಮನೆಗಳಲ್ಲಿ ಉಂಡವರಿಗೆ ನಮ್ಮ ದೊಡ್ಡಪ್ಪನ ಕೈರುಚಿ ಗೊತ್ತಿರಬಹುದು, ಹೆಸರು ಗೊತ್ತಿರಲಿಕ್ಕಿಲ್ಲ. ಎಲ್ಲರೂ ಅವರನ್ನು 'ಹಡಗಿನ ಗೌಡ್ರು' ಅಂತಲೇ ಕರೆಯುತ್ತಿದ್ದರು. ಅವರು ತೀರಿಕೊಂಡಾಗ ಮನೆಗೆ ಬಂದವರೆಲ್ಲ ಒಂದೊಂದು ಊಟದ ಕಥೆ ಹೇಳಿ ಹೋದರು. ಕೆಲವು ನಮಗೇ ಗೊತ್ತಿರಲಿಲ್ಲ. ಅವನ್ನೆಲ್ಲ ಮರೆಯೋದರೊಳಗೆ ಬರೆದಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ದೇಶ ಸುತ್ತಿ ಬಂದ ಅಡುಗೆಯವರು ಅಂದ ಕೂಡಲೇ ಜನ ಕೇಳೋದು, ಅಲ್ಲಿಂದ ಏನೇನು ತಿಂಡಿ ಕಲಿತು ಬಂದರು ಅಂತ. ಅವರು ಕಲಿತದ್ದು ಬೇಕಾದಷ್ಟಿತ್ತು, ಅದನ್ನೂ ಹೇಳುತ್ತೇನೆ. ಆದರೆ ಅವರನ್ನು ಬೇರೆ ಅಡುಗೆಯವರಿಂದ ಬೇರೆ ಮಾಡಿದ್ದು ಅದಲ್ಲ. ಯಾರಾದರೂ ಮದುವೆ ಅಡುಗೆಗೆ ಹೇಳಲು ಬಂದರೆ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಷ್ಟು ಜನ ಅಂತ ಆಮೇಲೆ ಹೇಳಿ, ಯಾರ್ಯಾರು ಬತ್ತಾರೆ ಹೇಳಿ." ಹಲ್ಲಿಲ್ಲದ ಅಜ್ಜಿಯರು ಎಷ್ಟು ಜನ, ಬಾಣಂತಿ ಇದ್ದಾಳಾ, ಸಕ್ಕರೆ ಕಾಯಿಲೆಯವರು ಯಾರು, ತೋಟದ ಆಳುಗಳು ಎಷ್ಟು ಹೊತ್ತಿಗೆ ಬರ್ತಾರೆ, ಬೆಂಗಳೂರಿಂದ ಬರೋ ಮಕ್ಕಳಿಗೆ ಖಾರ ಆಗುತ್ತಾ ಇಲ್ವಾ. ಹೆಣ್ಣಿನ ಅಪ್ಪ ಕೆಲವೊಮ್ಮೆ ತಬ್ಬಿಬ್ಬಾಗುತ್ತಿದ್ದರು. ಇಷ್ಟು ವಿಚಾರಿಸಿದ ಮೇಲೇ ಅಕ್ಕಿ ಎಷ್ಟು, ಬೇಳೆ ಎಷ್ಟು ಅಂತ ಚೀಟಿ ಬರೆಯುತ್ತಿದ್ದದ್ದು.

ಈ ಪ್ರಶ್ನೆ ಅವರು ಹುಟ್ಟುವಾಗ ತಂದದ್ದಲ್ಲ. ಬಹಳ ದೂರ ಸುತ್ತಿ ಕಲಿತದ್ದು.

ನಮ್ಮದು ಹೇಮಾವತಿ ದಂಡೆಯ ಊರು. ಈಗ ಆ ಊರಿಲ್ಲ. ರಾಗಿ, ಹುರುಳಿ, ಅವರೆ, ಸ್ವಲ್ಪ ಗದ್ದೆ, ಇಷ್ಟೇ ಬದುಕು. ಅಣ್ಣತಮ್ಮಂದಿರು ಜಾಸ್ತಿ, ಜಮೀನು ಕಡಿಮೆ. ದೊಡ್ಡಪ್ಪ ಓದು ನಿಲ್ಲಿಸಿ ಅರವತ್ತರ ದಶಕದಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲೇ, ಮುಂಬೈಗೆ ಹೊರಟರು. ಅರಸೀಕೆರೆಯಲ್ಲಿ ರೈಲು ಹತ್ತಿ, ಮುಂದೆ ಕೇಳಿಕೊಂಡು ಕೇಳಿಕೊಂಡು ಗಾಡಿ ಬದಲಾಯಿಸುತ್ತಾ, ಅಜ್ಜಿ ಕಟ್ಟಿಕೊಟ್ಟ ರೊಟ್ಟಿ ಚಟ್ನಿಪುಡಿ ಮುಗಿಯುವ ಹೊತ್ತಿಗೆ ಮುಂಬೈ ಮುಟ್ಟಿದ್ದರಂತೆ. ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಮೊದಲು ಟೇಬಲ್ ಒರೆಸುವುದು, ಆಮೇಲೆ ಹಿಟ್ಟು ರುಬ್ಬುವುದು, ಆಮೇಲೆ ಒಲೆ ಮುಂದೆ. ರಾತ್ರಿ ಕನ್ನಡ ರಾತ್ರಿಶಾಲೆ. ಮುಂಬೈಯಲ್ಲಿ ಆಗ ಹೋಟೆಲು ಹುಡುಗರಿಗೆ ಅಂತಲೇ ಇಂಥ ಶಾಲೆಗಳು ಬೇಕಾದಷ್ಟಿದ್ದವು. ಹಗಲೆಲ್ಲ ಲೋಟ ತೊಳೆದು ರಾತ್ರಿ ಸ್ಲೇಟು ಹಿಡಿದ ಎಷ್ಟೋ ಹುಡುಗರು ಆಮೇಲೆ ಸ್ವಂತ ಹೋಟೆಲು ಮಾಡಿದರು, ಕೆಲವರು ವಕೀಲರೂ ಆದರು. ದೊಡ್ಡಪ್ಪನ ಅಕ್ಷರ ಕೊನೆಯವರೆಗೂ ಮುತ್ತು ಪೋಣಿಸಿದ ಹಾಗೆ ಇತ್ತು, ಅದು ರಾತ್ರಿಶಾಲೆಯ ದಾನ.

ಅರವತ್ತರ ದಶಕದ ಕೊನೆ ಅಂದರೆ ಮುಂಬೈಯಲ್ಲಿ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬೀಳುತ್ತಿದ್ದ ಕಾಲ. ಷಟರ್ ಎಳೆದುಕೊಂಡು ಹುಡುಗರೆಲ್ಲ ಒಳಗೇ ಮಲಗಿದ ರಾತ್ರಿಗಳ ಬಗ್ಗೆ ಅವರು ಜಾಸ್ತಿ ಮಾತಾಡುತ್ತಿರಲಿಲ್ಲ. ಕೇಳಿದರೆ, "ಬೆಳಿಗ್ಗೆ ಎದ್ದು ಷಟರ್ ಎತ್ತಿದ್ರೆ ಅದೇ ಊರಿನ ಜನ ಇಡ್ಲಿಗೆ ಬಂದು ನಿಂತಿರೋರು, ಕೊಡದೇ ಇರಕ್ಕಾಯ್ತದಾ" ಅನ್ನುತ್ತಿದ್ದರು. ಅಷ್ಟೇ.

ಆ ಹೋಟೆಲಿಗೆ ಗೋವಾದ ಒಬ್ಬರು ಬರುತ್ತಿದ್ದರು. ಹಡಗಿನಲ್ಲಿ ಚೀಫ್ ಕುಕ್. ದಡಕ್ಕೆ ಬಂದಾಗಲೆಲ್ಲ ಬಂದು ಕೂತು, ಚಟ್ನಿ ಸಾಂಬಾರು ಮುಟ್ಟದೆ ಬರೀ ಅನ್ನ ಮೊಸರು ಕಲಸಿಕೊಂಡು ತಿಂದು ಹೋಗೋರು. ದೊಡ್ಡಪ್ಪ ಒಂದು ದಿನ ಯಾಕೆ ಅಂತ ಕೇಳಿದರು. ಅಲ್ಸರ್ ಅಂದರಂತೆ. ಮುಂದಿನ ಸಲದಿಂದ ಅವರಿಗೆ ಅಂತಲೇ ಹುಳಿ ಖಾರ ಇಲ್ಲದ ಹೆಸರುಬೇಳೆ ಕಟ್ಟು, ಜೀರಿಗೆ ಮಾತ್ರ ಹಾಕಿ, ಬೇರೆ ಲೋಟದಲ್ಲಿ ಇಡುತ್ತಿದ್ದರು. ಯಜಮಾನರು ಇದಕ್ಕೆಲ್ಲ ಯಾರಪ್ಪ ದುಡ್ಡು ಕೊಡ್ತಾರೆ ಅಂತ ರೇಗಿದರೂ ಬಿಡಲಿಲ್ಲ. ಆ ಗೋವಾದವರೇ ಓಡಾಡಿ ಕಾಗದಪತ್ರ ಮಾಡಿಸಿ, ನಮ್ಮ ದೊಡ್ಡಪ್ಪನನ್ನು ಹಡಗು ಹತ್ತಿಸಿದ್ದು. ಅದೂ ಸುಲಭಕ್ಕೆ ಆಗಲಿಲ್ಲ, ಸಿಡಿಸಿ ಅನ್ನುವ ನಾವಿಕರ ಪುಸ್ತಕ ಕೈಗೆ ಬರಬೇಕಾದರೆ ಬಹಳ ಅಲೆದಾಟ ಆಯಿತಂತೆ. ಒಂದು ಲೋಟ ಬೇಳೆ ಕಟ್ಟು ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತೆ ನೋಡಿ.

ಹಡಗಿನ ಖಲಾಸಿಗಳ ಅಡುಗೆಯವರಿಗೆ ಭಂಡಾರಿ ಅಂತ ಹೆಸರು. ಅಧಿಕಾರಿಗಳ ಅಡುಗೆ ಬೇರೆ, ಖಲಾಸಿಗಳ ಅಡುಗೆ ಬೇರೆ. ದೊಡ್ಡಪ್ಪ ಸೇರಿದ್ದು ಭಂಡಾರಿಯ ಕೈಕೆಳಗೆ, ಆಮೇಲೆ ತಾವೇ ಭಂಡಾರಿ ಆದರು. ಒಂದೇ ಹಡಗಿನಲ್ಲಿ ರತ್ನಾಗಿರಿಯವರು, ಗೋವಾದವರು, ಲಕ್ಷದ್ವೀಪದ ಮಿನಿಕಾಯ್‌ನವರು, ಬಂಗಾಳದವರು. ಒಬ್ಬರಿಗೆ ಮೀನು ಇಲ್ಲದೆ ಆಗಲ್ಲ, ಒಬ್ಬರಿಗೆ ಶುಕ್ರವಾರ ವಿಶೇಷ ಬೇಕು, ಇನ್ನೊಬ್ಬರಿಗೆ ರೋಜಾ, ಬೆಳಗಿನ ಜಾವ ಊಟ ತಯಾರಿರಬೇಕು. ಎಲ್ಲರೂ ಮನೆ ಬಿಟ್ಟು ತಿಂಗಳುಗಟ್ಟಲೆ ಆದವರು. "ನಡುನೀರಲ್ಲಿ ಮನುಷ್ಯನಿಗೆ ದಿನಾ ಕಾಯೋದು ಅಂತ ಇರೋದು ಎರಡೇ ಮಗಾ, ಊಟ ಮತ್ತೆ ಕಾಗದ. ಕಾಗದ ನಮ್ಮ ಕೈಲಿಲ್ಲ" ಅನ್ನುತ್ತಿದ್ದರು.

ಹಡಗಿನ ಅಡುಗೆಮನೆಗೆ ಗ್ಯಾಲಿ ಅನ್ನುತ್ತಾರೆ. ಅಲ್ಲಿನ ಒಲೆ ಹೇಗಿರುತ್ತೆ ಅಂತ ಅವರು ನಮಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರು. ಒಲೆ ಸುತ್ತ ಕಬ್ಬಿಣದ ಸರಳುಗಳು, ಪಾತ್ರೆ ಜಾರಬಾರದು ಅಂತ ಆ ಸರಳುಗಳನ್ನು ಪಾತ್ರೆಗೆ ಒತ್ತಿ ಕೂರಿಸಬೇಕು. ಸಾರಿನ ಪಾತ್ರೆ ಯಾವತ್ತೂ ಅರ್ಧಕ್ಕಿಂತ ಮೇಲೆ ತುಂಬಬಾರದು. ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ತಟ್ಟೆ ಇಡಬೇಕು, ಆಗ ಜಾರಲ್ಲ. ಈ ಅಭ್ಯಾಸಗಳು ಅವರನ್ನು ಬಿಡಲೇ ಇಲ್ಲ. ಹಾಸನದ ನಮ್ಮ ಮನೆಯ ಒಲೆ ಅಲ್ಲಾಡುತ್ತಿರಲಿಲ್ಲ, ಆದರೂ ಅವರು ಸಾರಿಗೆ ಎರಡು ಪಾತ್ರೆ ಇಡೋರು, ಎರಡೂ ಅರ್ಧರ್ಧ. ದೊಡ್ಡಮ್ಮ, "ಇದೇನು ಸಮುದ್ರ ಅಂದ್ಕೊಂಡ್ರಾ, ತೊಳೆಯೋಳು ನಾನಲ್ವಾ" ಅಂತ ಗೊಣಗಿ ಗೊಣಗಿ ಕೊನೆಗೆ ತಾನೂ ಹಾಗೇ ಮಾಡಲು ಶುರು ಮಾಡಿದಳು. ಈಗಲೂ ಹಾಗೇ ಮಾಡುತ್ತಾಳೆ.

ಅವರು ಹಡಗು ಸೇರಿದ ಹೊಸದರಲ್ಲಿ ಸೂಯೆಜ್ ಕಾಲುವೆ ಮುಚ್ಚಿತ್ತು. 1967ರ ಯುದ್ಧದಲ್ಲಿ ಮುಚ್ಚಿದ್ದು, ಮತ್ತೆ ತೆರೆದದ್ದು 1975ರ ಜೂನ್‌ನಲ್ಲಿ. ಅಷ್ಟು ವರ್ಷ ನಮ್ಮ ಕಡೆಯಿಂದ ಯೂರೋಪಿಗೆ ಹೋಗುವ ಹಡಗುಗಳು ಆಫ್ರಿಕಾವನ್ನು ಪೂರ್ತಿ ಸುತ್ತಿಕೊಂಡು ಹೋಗಬೇಕಿತ್ತು. ಮುಂಬೈಯಿಂದ ಲಂಡನ್‌ಗೆ ಆರು ಸಾವಿರ ಚಿಲ್ಲರೆ ನಾಟಿಕಲ್ ಮೈಲಿ ಆಗಬೇಕಾದ ದಾರಿ ಹತ್ತು ಸಾವಿರ ದಾಟುತ್ತಿತ್ತು. ಅಡುಗೆಯವರಿಗೆ ಇದರ ಅರ್ಥ ಬೇರೆ. ಸೊಪ್ಪು ತರಕಾರಿ ಮೊದಲು ಮುಗಿಯುತ್ತೆ, ಆಮೇಲೆ ಆಲೂಗಡ್ಡೆ ಈರುಳ್ಳಿ ಮೊಳಕೆ ಒಡೆಯುತ್ತೆ, ಕೊನೆಗೆ ಬೇಳೆ, ಒಣಮೀನು, ಐಸಿನಲ್ಲಿಟ್ಟ ಮಾಂಸ. ಗುಡ್ ಹೋಪ್ ಭೂಶಿರದ ಹತ್ತಿರ ಅಲೆಗಳು ಎದ್ದಾಗ ಅರ್ಧ ಜನ ಊಟ ಬೇಡ ಅಂತ ಮಲಗಿಬಿಡೋರು. ಅಂಥ ದಿನ ದೊಡ್ಡಪ್ಪ ಹುರುಳಿ ಕಟ್ಟಿನ ಸಾರು ಮಾಡಿ, ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿ, ಲೋಟಕ್ಕೆ ಬಸಿದು ಮಲಗಿದ್ದವರ ಹತ್ತಿರ ಹೋಗಿ ಕುಡಿಸಿ ಬರೋರಂತೆ. ಹುರುಳಿ ಅವರು ಊರಿಂದಲೇ ಒಯ್ಯುತ್ತಿದ್ದದ್ದು, ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹುರುಳಿಯೇ ಜಾಸ್ತಿ ಇರ್ತಿತ್ತು ಅಂತ ದೊಡ್ಡಮ್ಮ ಹೇಳುತ್ತಾಳೆ.

ಈ ಉದ್ದದ ದಾರಿಯಿಂದ ಒಂದು ಒಳ್ಳೆಯದಾಯಿತು. ಅವರು ಮೊಂಬಾಸಾ ನೋಡಿದರು.

ಮೊಂಬಾಸಾ ಕಥೆ ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಬಂದರಿನ ಹತ್ತಿರ ಒಂದು ಸಣ್ಣ ಊಟದ ಅಂಗಡಿ. ಒಬ್ಬ ಹೆಂಗಸು ದೊಡ್ಡ ಪಾತ್ರೆಯಲ್ಲಿ ಕುದಿಯೋ ನೀರಿಗೆ ಹಿಟ್ಟು ಸುರಿದು, ಅಗಲವಾದ ಮರದ ಸೌಟಿನಲ್ಲಿ ಗಟ್ಟಿಯಾಗಿ ತಿರುವುತ್ತಿದ್ದಾಳೆ. ದೊಡ್ಡಪ್ಪ ಅಲ್ಲೇ ನಿಂತುಬಿಟ್ಟರು. ಮೆಕ್ಕೆಜೋಳದ ಹಿಟ್ಟು, ಬಣ್ಣ ಬಿಳಿ, ಆದರೆ ಕೆಲಸ ನಮ್ಮ ಅವ್ವಂದಿರದ್ದೇ. ಅವರು ಅದಕ್ಕೆ ಉಗಾಲಿ ಅನ್ನುತ್ತಾರೆ. ಕೈಯಲ್ಲಿ ಮುರಿದು ಸೊಪ್ಪಿನ ಪಲ್ಯದ ಜೊತೆ ತಿನ್ನುತ್ತಾರೆ. ಇವರು ತುತ್ತು ಮುರಿದು ಅಗಿಯದೆ ನುಂಗಿದ್ದು ನೋಡಿ ಆಕೆ ಗಾಬರಿಯಾಗಿ ನೀರು ತಂದುಕೊಟ್ಟಳಂತೆ. ಇಬ್ಬರಿಗೂ ಭಾಷೆ ಬರಲ್ಲ. ಇವರು ಕೈಸನ್ನೆಯಲ್ಲಿ, ನಮ್ಮ ಊರಲ್ಲೂ ಇದೇ ಊಟ, ಬಣ್ಣ ಮಾತ್ರ ಕಪ್ಪು ಅಂತ ತಮ್ಮ ಕೈ ಚರ್ಮ ಮುಟ್ಟಿ ತೋರಿಸಿದಾಗ, ಆಕೆ ಒಳಗೆ ಹೋಗಿ ಒಂದು ಹಿಡಿ ಕಾಳು ತಂದು ಅಂಗೈ ಮೇಲೆ ಹಾಕಿದಳು. ರಾಗಿ! ಅಲ್ಲಿ ಅದಕ್ಕೆ ವಿಂಬಿ ಅಂತಾರೆ. ಆ ಕಾಳು ನೋಡಿದಾಗ ತಮ್ಮ ಅವ್ವನ ಮುಖ ನೆನಪಾಗಿ ಅಂಗಡಿಯಲ್ಲೇ ಕೂತು ಅತ್ತೆ ಅಂತ ದೊಡ್ಡಪ್ಪ ಸ್ವಲ್ಪವೂ ನಾಚಿಕೆ ಇಲ್ಲದೆ ಹೇಳುತ್ತಿದ್ದರು.

ಅಲ್ಲಿಂದ ರಾಗಿ ಹಿಟ್ಟು ಕೊಂಡು ಹಡಗಿನಲ್ಲಿ ಮುದ್ದೆ ಮಾಡಿದರು. ರತ್ನಾಗಿರಿಯವರು ಅಗಿದು ಅಗಿದು ಹಲ್ಲಿಗೆ ಮೆತ್ತಿಕೊಂಡು ಬೈದರು. "ಅಗೀಬೇಡ್ರಪ್ಪಾ, ಸಾರಲ್ಲಿ ಅದ್ದಿ ನುಂಗಿ" ಅಂತ ಹೇಳಿಕೊಟ್ಟ ಮೇಲೆ ಇಬ್ಬರು ಮಾತ್ರ ಒಪ್ಪಿದರು, ಮಿಕ್ಕವರಿಗೆ ಆವತ್ತು ಅನ್ನ. ಮುಂದೆ ಎಷ್ಟೋ ವರ್ಷದ ಮೇಲೆ, ನಾನು ಕಾಲೇಜಿನಲ್ಲಿದ್ದಾಗ, ರಾಗಿಯ ತವರು ಪೂರ್ವ ಆಫ್ರಿಕಾದ ಬೆಟ್ಟದ ಸೀಮೆ, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದದ್ದು ಅಂತ ಓದಿ ಅವರಿಗೆ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ಆ ತಾಯಿ ನಮ್ಮ ನೆಂಟರೇ ಅನ್ನು" ಅಂದರು. ಅವತ್ತು ರಾತ್ರಿ ದೊಡ್ಡಮ್ಮನಿಗೂ ಅದನ್ನೇ ಮತ್ತೆ ಹೇಳುತ್ತಿದ್ದರು.

ರಾಟರ್‌ಡ್ಯಾಂ ಆಗ ಜಗತ್ತಿನ ಅತಿ ದೊಡ್ಡ ಬಂದರು. ಅಲ್ಲಿ ಅವರಿಗೆ ಹಿಡಿಸಿದ್ದು ಕಟ್ಟಡ ಗಿಟ್ಟಡ ಅಲ್ಲ, ನಾವಿಕರ ಕ್ಲಬ್ಬಿನಲ್ಲಿ ಕೊಟ್ಟ ಬೇಯಿಸಿದ ಆಲೂಗಡ್ಡೆ. ಸೊಪ್ಪಿನ ಜೊತೆ ಮಸೆದು ಬಿಸಿಬಿಸಿಯಾಗಿ ಬಡಿಸುತ್ತಾರೆ. ಹಾಸನದವರಿಗೆ ಆಲೂಗಡ್ಡೆ ಅಂದರೆ ಗೊತ್ತಲ್ಲ, ಮುಂಗಾರಿನ ಬೆಳೆ, ಮೂರು ತಿಂಗಳಲ್ಲಿ ಕೈಗೆ ಬರೋ ದುಡ್ಡು. ಬಿತ್ತನೆ ಗಡ್ಡೆ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತೆ. ಅಂಗಮಾರಿ ರೋಗ ಬಂದು ಬೆಳೆ ಕಡಿಮೆಯಾಗುವ ತನಕ ನಮ್ಮ ಕಡೆ ಅದೇ ರಾಜ. ದೊಡ್ಡಪ್ಪ ಊರಿಗೆ ಬಂದ ಮೇಲೆ ಈ ಡಚ್ಚರ ಅಡುಗೆಗೆ ನುಗ್ಗೆಸೊಪ್ಪು ಸೇರಿಸಿ, ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಮಾಡುತ್ತಿದ್ದರು. ಚಪಾತಿಗೂ ಸೈ, ಅನ್ನಕ್ಕೂ ಸೈ. ಕೊಲಂಬೊದ ಒತ್ತು ಶಾವಿಗೆ, ಮಿನಿಕಾಯ್‌ನವರು ಕೊಟ್ಟ ಮಾಸ್ ಅನ್ನುವ ಮರದ ತುಂಡಿನಷ್ಟು ಗಟ್ಟಿ ಒಣಮೀನು, ಎಲ್ಲದಕ್ಕೂ ಒಂದೊಂದು ಕಥೆ ಇದೆ. ಎಲ್ಲ ಬರೆದರೆ ಇದು ಮುಗಿಯಲ್ಲ.

ಒಂದನ್ನು ಮಾತ್ರ ಬಿಡೋಕಾಗಲ್ಲ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಹಿನ್ನೀರಿಗೆ ಹೋದ ಊರುಗಳಲ್ಲಿ ನಮ್ಮದೂ ಒಂದು. ಊರು ಖಾಲಿ ಮಾಡುವಾಗ ದೊಡ್ಡಪ್ಪ ಸಮುದ್ರದ ಮೇಲಿದ್ದರು. ಅಜ್ಜ ಬರೆಸಿದ ಕಾಗದ ಬಂದರಿನಿಂದ ಬಂದರಿಗೆ ಅವರ ಹಿಂದೆ ಅಲೆದು ಕೊನೆಗೆ ಕೈ ಸೇರುವಷ್ಟರಲ್ಲಿ ಇಲ್ಲಿ ಜಗಲಿ ಮೇಲೆ ನೀರು ಬಂದಾಗಿತ್ತು. ಮಗಳು ಹುಟ್ಟಿದ ಸುದ್ದಿಯೂ ಅದೇ ಕಾಗದದಲ್ಲಿತ್ತು. ಸಂತೋಷ ಪಡಲೋ ದುಃಖ ಪಡಲೋ ತಿಳಿಯದೆ, ಅವತ್ತು ಇಡೀ ಹಡಗಿಗೆ ಪಾಯಸ ಮಾಡಿದೆ ಅಂತ ಹೇಳುತ್ತಿದ್ದರು.

ಶೆಟ್ಟಿಹಳ್ಳಿಯ ಮುಳುಗಿದ ಚರ್ಚು ನೋಡಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಮಳೆಗಾಲದಲ್ಲಿ ನೀರೊಳಗೆ ಅರ್ಧ ಮುಳುಗಿ ನಿಂತದ್ದನ್ನು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ನಮಗೆ ಆ ಹಿನ್ನೀರು ಅಂದರೆ ಬೇರೆಯೇ. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡಪ್ಪ ನಮ್ಮನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದರು. ಬಿರುಕು ಬಿಟ್ಟ ಕೆಸರು, ಅಲ್ಲಲ್ಲಿ ಕಲ್ಲು. ಇಲ್ಲಿ ಕೊಟ್ಟಿಗೆ, ಇಲ್ಲಿ ಹಗೇವು, ಇದು ನಮ್ಮ ಅಡುಗೆಮನೆ ಅಂತ ಹೆಜ್ಜೆ ಹಾಕಿ ತೋರಿಸೋರು. ಒಂದು ವರ್ಷ ಒರಳುಕಲ್ಲು ಕಾಣಿಸಿತು. ಬಾಯಿ ಮೇಲೆ, ಗುಂಡಿ ತುಂಬ ಒಣಗಿದ ಮಣ್ಣು. ಅವರು ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಮಣ್ಣು ಕೆರೆದು, ಒಳಗೆ ಕೈ ಹಾಕಿ ಸವರಿದರು. ಅವ್ವ ರುಬ್ಬಿ ರುಬ್ಬಿ ನುಣ್ಣಗಾದ ಜಾಗ ಇನ್ನೂ ಹಾಗೇ ಇತ್ತು, ನಮ್ಮ ಕೈಯನ್ನೂ ಎಳೆದು ಮುಟ್ಟಿಸಿದರು. ಹೊತ್ತು ತರೋಣ ಅಂತ ಅಪ್ಪ ಅಂದಾಗ ಬೇಡ ಅಂದರು. ಕಾರಣ ಹೇಳಲಿಲ್ಲ. ಮುಂದಿನ ವರ್ಷ ನೀರು ಅಷ್ಟು ಇಳಿಯಲಿಲ್ಲ.

ಎಂಬತ್ತರ ದಶಕದಲ್ಲಿ ಹಡಗು ವ್ಯಾಪಾರ ಎಲ್ಲ ಕಡೆ ಬಿದ್ದುಹೋಯಿತು. ಕೊನೆಗೆ ಕೆಲಸ ಮಾಡಿದ ಕಂಪನಿ ಒಂದಷ್ಟು ತಿಂಗಳ ಸಂಬಳವನ್ನೇ ಕೊಡಲಿಲ್ಲ. ದೊಡ್ಡಪ್ಪ ಪೆಟ್ಟಿಗೆ ಹೊತ್ತು ಹಾಸನಕ್ಕೆ ಬಂದರು. ಅಷ್ಟು ಹೊತ್ತಿಗೆ ಮನೆಮಂದಿಯೆಲ್ಲ ಇಲ್ಲೇ ಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಅವರಿಗೆ ಮೂರು ಮಕ್ಕಳು, ನಾವಿಬ್ಬರು, ಅಜ್ಜ ಅಜ್ಜಿ, ಎಲ್ಲ ಒಟ್ಟಿಗೆ. ಸ್ವಲ್ಪ ದಿನ ಮಕ್ಕಳೇ ಅವರ ಹತ್ತಿರ ಹೋಗುತ್ತಿರಲಿಲ್ಲವಂತೆ, ವರ್ಷಕ್ಕೊಮ್ಮೆ ಬರೋ ನೆಂಟರ ಥರ ಇದ್ದರಲ್ಲ. ಅವರು ಬಲವಂತ ಮಾಡಲಿಲ್ಲ. ದಿನಾ ಬೆಳಿಗ್ಗೆ ಬ್ರೆಡ್ ಮಾಡಲು ಶುರು ಮಾಡಿದರು. ಹಡಗಿನಲ್ಲಿ ಕಲಿತದ್ದು. ಓವನ್ ಎಲ್ಲಿತ್ತು ಆಗ? ದಪ್ಪ ತಳದ ಪಾತ್ರೆಯೊಳಗೆ ಮರಳು ಹಾಕಿ, ಅದರ ಮೇಲೆ ಹಿಟ್ಟಿಟ್ಟ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ. ಆ ವಾಸನೆಗೆ ಮಕ್ಕಳು ಎದ್ದು ಬಂದು ಒಲೆ ಪಕ್ಕ ಕೂರೋರು. ಮೂರೂ ಜನ ಹಾಗೇ ಅಪ್ಪನ ಹತ್ತಿರ ಬಂದದ್ದು ಅಂತ ನಮ್ಮ ಅಕ್ಕ, ಅಂದರೆ ದೊಡ್ಡಪ್ಪನ ಹಿರಿಮಗಳು, ಈಗಲೂ ಹೇಳುತ್ತಾಳೆ.

ನನ್ನ ಅಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್. ಹಾಸನ–ಮಂಗಳೂರು ಗಾಡಿ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ, ಲಾರಿ ಕೆಟ್ಟು ನಿಂತರೆ, ಎಷ್ಟು ಹೊತ್ತಿಗೆ ಬರ್ತಾರೆ ಅಂತ ಗೊತ್ತಾಗುತ್ತಿರಲಿಲ್ಲ. ಹಡಗಿನಲ್ಲಿ ಇಂಜಿನ್ ಕೋಣೆಯವರಿಗೆ ನಾಲ್ಕು ನಾಲ್ಕು ಗಂಟೆಯ ಪಾಳಿ, ರಾತ್ರಿ ಹನ್ನೆರಡರಿಂದ ನಾಲ್ಕರ ಪಾಳಿ ಬಹಳ ಕಷ್ಟದ್ದು. ದೊಡ್ಡಪ್ಪ ನಮ್ಮ ಅಪ್ಪನಿಗೆ 'ಹನ್ನೆರಡು-ನಾಲ್ಕು' ಅಂತಲೇ ಹೆಸರಿಟ್ಟಿದ್ದರು. ಗೇಟಿನ ಸದ್ದಾದರೆ ಅಮ್ಮನಿಗಿಂತ ಮೊದಲು ಅವರು ಏಳೋರು. ಸಾರು ಬಿಸಿ ಮಾಡಿ, ಮುದ್ದೆ ಹೊಸದಾಗಿ ತಿರುವಿ, ತಮ್ಮ ಉಂಡು ಮುಗಿಸುವ ತನಕ ಎದುರಿಗೆ ಕೂತಿರೋರು. ಇಬ್ಬರೂ ಜಾಸ್ತಿ ಮಾತಾಡಿದ್ದು ನಾನು ಕೇಳಿಲ್ಲ. "ಘಾಟಿ ಹೆಂಗಿತ್ಲಾ?" "ಮಂಜು." ಅಷ್ಟೇ. ಅಣ್ಣ ಬೆಳಿಗ್ಗೆ ಬ್ರೆಡ್ಡಿಗೆ ಬೇರೆ ಏಳಬೇಕಲ್ಲ ಅಂತ ಅಪ್ಪ ಎಷ್ಟೋ ಸಲ ಹೊರಗೇ ಉಂಡು ಬರ್ತೀನಿ ಅಂದರೂ ಅವರು ಕೇಳಲಿಲ್ಲ. ಮದುವೆ ಅಡುಗೆಗೆ ಹೋದ ದಿನ ಬಿಟ್ಟರೆ, ಅಪ್ಪ ರಿಟೈರ್ ಆಗುವವರೆಗೂ ಇದು ನಡೆಯಿತು.

ಮದುವೆ ಅಡುಗೆ ಶುರುವಾದದ್ದು ನೆಂಟರ ಮನೆಯ ಒಂದು ಬೀಗರ ಊಟದಿಂದ. ಬರಬೇಕಿದ್ದ ಅಡುಗೆಯವರು ಕೈ ಕೊಟ್ಟರು, ಇವರು ಪಂಚೆ ಎತ್ತಿ ಕಟ್ಟಿ ನಿಂತರು. ನಮ್ಮ ಕಡೆಯ ಬೀಗರ ಊಟ ಅಂದರೆ ಸಣ್ಣ ಮಾತಲ್ಲ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮ ಉಂಡೆ, ಸಕಲೇಶಪುರದ ಕಡೆಯಾದರೆ ಕಡುಬು ಹಂದಿ ಸಾರು. ನೂರಾರು ಜನಕ್ಕೆ ಮುದ್ದೆ ಮಾಡೋದು ಅಂದರೆ ತೋಳಿನ ಕೆಲಸ. ಕೊಪ್ಪರಿಗೆಯಲ್ಲಿ ಎಸರು ಕುದಿ ಬಂದು ಹಿಟ್ಟು ಬಿದ್ದ ಮೇಲೆ ಇಬ್ಬರು ಎದುರುಬದುರು ನಿಂತು ಕೋಲು ಹಾಕಿ ತಿರುವಬೇಕು, ಒಂದು ಗಂಟು ಉಳಿದರೂ ಬೀಗರು ಮುಂದಿನ ಹತ್ತು ವರ್ಷ ಆಡಿಕೊಳ್ಳುತ್ತಾರೆ. ದೊಡ್ಡಪ್ಪ ಕೋಲು ಹಿಡಿದರೆ ಗಂಟು ಉಳಿಯುತ್ತಿರಲಿಲ್ಲ.

ಅವರ ಗುರುತು ಅಂದರೆ ದೊಡ್ಡ ಕೊಪ್ಪರಿಗೆಗಳ ಪಕ್ಕ ಇರುತ್ತಿದ್ದ ಒಂದು ಚಿಕ್ಕ ತಪ್ಪಲೆ. ಅದರಲ್ಲಿ ಮೆತ್ತಗಿನ ಅನ್ನ, ಖಾರವಿಲ್ಲದ ತಿಳಿಸಾರು, ಎಳೇ ಮಾಂಸ ಬೇಯಿಸಿ ಬಿಡಿಸಿದ್ದು, ಆ ದಿನ ಯಾರಿಗೆ ಏನು ಬೇಕೋ ಅದು. ಯಾವ ಅಜ್ಜಿ ಎಲ್ಲಿ ಕೂತಿದ್ದಾರೆ ಅಂತ ಮೊದಲೇ ನೋಡಿಕೊಂಡು ತಾವೇ ಬಡಿಸಿ ಬರೋರು. ಇನ್ನೊಂದು, ಪಾತ್ರೆ ತೊಳೆಯೋ ಹೆಂಗಸರಿಗೆ ಅವರ ಮದುವೆಗಳಲ್ಲಿ ಮೊದಲ ಪಂಕ್ತಿ ಏಳುವಷ್ಟರಲ್ಲಿ ಊಟ ಆಗಿರಬೇಕು. ಮಿಕ್ಕಿದ್ದು ಅಂತ ಅವರಿಗೆ ಬಡಿಸಿದರೆ ನಾನು ಸೌಟು ಕೆಳಗಿಡ್ತೀನಿ ಅಂತ ಮನೆಯವರಿಗೆ ಮೊದಲೇ ಹೇಳಿರೋರು. ಒಬ್ಬರು ದೊಡ್ಡ ತೋಟದವರು ಇದಕ್ಕೆ ಒಪ್ಪಲಿಲ್ಲ, ದೊಡ್ಡಪ್ಪ ಮುಂಗಡ ವಾಪಸ್ ಕೊಟ್ಟು ಬಂದರು. ಆ ತಿಂಗಳು ಮನೆಯಲ್ಲಿ ಕೈ ಬಿಗಿಯಾಗಿತ್ತು. ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ. ನನಗೆ ಆ ವಿಷಯದಲ್ಲಿ ಇಬ್ಬರ ಮೇಲೂ ಒಂದೇ ಥರ ಹೆಮ್ಮೆ ಇದೆ. ಅವರ ಹನ್ನೊಂದನೇ ದಿನದ ಕಾರ್ಯಕ್ಕೆ ಹೇಳಿ ಕಳಿಸದೇ ಬಂದು ಇಡೀ ದಿನ ಪಾತ್ರೆ ತೊಳೆದು ದುಡ್ಡು ಮುಟ್ಟದೆ ಹೋದವರು ಅದೇ ಹೆಂಗಸರು.

ದೊಡ್ಡಮ್ಮನ ಬಗ್ಗೆ ಹೇಳದೆ ಹೋದರೆ ದೊಡ್ಡಪ್ಪನೇ ಒಪ್ಪಲ್ಲ. ಅವರು ಹಡಗಿನಲ್ಲಿದ್ದ ಅಷ್ಟೂ ವರ್ಷ ಅತ್ತೆ ಮಾವ, ಮಕ್ಕಳು, ಊರು ಮುಳುಗಿದ್ದು, ಪರಿಹಾರಕ್ಕೆ ಆಫೀಸಿಂದ ಆಫೀಸಿಗೆ ಅಲೆದದ್ದು, ಎಲ್ಲ ಅವಳ ಹೆಗಲ ಮೇಲೆ. ಹೆಂಡತಿಗೆ ಇದಕ್ಕೆ ಏನು ಕೊಟ್ಟರೂ ಸಾಲದು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಊರಿಗೆ ಬಂದ ಮೇಲೆ ರಾತ್ರಿ ಅಡುಗೆ ಪೂರ್ತಿ ಅವರದ್ದು. ಹೊರಗೆ ಸಾವಿರ ಜನಕ್ಕೆ ಬೇಯಿಸಿ ಬಂದ ದಿನವೂ ಸ್ನಾನ ಮಾಡಿ ಬಂದು, "ಏನ್ ಉಣ್ತೀಯೇ?" ಅಂತ ಅವಳನ್ನು ಕೇಳೋರು. ಅವಳಿಗೆ ಬಸ್ಸಾರು ಪ್ರಾಣ. ಸಕ್ಕರೆ ಕಾಯಿಲೆ ಬಂದ ಮೇಲೆ ಅನ್ನ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದಾಗ, ಅವಳೊಬ್ಬಳ ತಟ್ಟೆ ಬೇರೆ ಆಗಬಾರದು ಅಂತ ಇಡೀ ಮನೆಗೇ ಅನ್ನ ಕಡಿಮೆ ಮಾಡಿ ಪಲ್ಯ ಕೋಸಂಬರಿ ಜಾಸ್ತಿ ಮಾಡಿಬಿಟ್ಟರು. ನಾವು ಮಕ್ಕಳು ಮುಖ ಸಿಂಡರಿಸಿದೆವು. ಅವರು ಕ್ಯಾರೇ ಅನ್ನಲಿಲ್ಲ.

ಕೊನೆಯ ವರ್ಷಗಳಲ್ಲಿ ಒಂದು ಜ್ವರ ಬಂದು ಹೋದ ಮೇಲೆ ಅವರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ, ರುಚಿಯೂ ಮಂಕು. ಅಡುಗೆಯವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಲ್ವಾ? ಮೊದಮೊದಲು ಬಹಳ ಕುಗ್ಗಿದರು. ಅಡುಗೆಮನೆ ಕಡೆಗೇ ಬರುತ್ತಿರಲಿಲ್ಲ. ಆಮೇಲೆ ಮೊಮ್ಮಕ್ಕಳನ್ನು ಒಲೆ ಪಕ್ಕ ನಿಲ್ಲಿಸಿಕೊಂಡು ಮತ್ತೆ ಶುರು ಮಾಡಿದರು. ಸಾಸಿವೆ ಸಿಡಿಯೋದು ಕಿವಿಗೆ ಕೇಳುತ್ತೆ, ಈರುಳ್ಳಿ ಬಣ್ಣ ಕಣ್ಣಿಗೆ ಕಾಣುತ್ತೆ, ಹಿಟ್ಟು ಬೆಂದದ್ದು ಒದ್ದೆ ಬೆರಳಿಗೆ ಗೊತ್ತಾಗುತ್ತೆ. ಉಪ್ಪು ಮಾತ್ರ ಮಕ್ಕಳು ನೋಡಬೇಕು. ಏಳು ವರ್ಷದ ಮೊಮ್ಮಗ ಅಂಗೈ ಮೇಲೆ ಒಂದು ತೊಟ್ಟು ಸಾರು ಹಾಕಿಸಿಕೊಂಡು ನೆಕ್ಕಿ, "ಇನ್ನೊಂಚೂರು ತಾತ" ಅಂದರೆ ಸಾಕು, ಇವರು ಮರುಮಾತಾಡದೆ ಹಾಕೋರು. ಹುಡುಗ ಒಮ್ಮೆ ಆಟಕ್ಕೆ ಸುಳ್ಳು ಹೇಳಿ ಸಾರು ಉಪ್ಪುಮಯ ಆಯಿತು. ಅವರು ಬೈಯಲಿಲ್ಲ. ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಮನೆಯವರೆಲ್ಲ ಅದನ್ನೇ ಉಂಡೆವು, ಅವನೂ ಉಂಡ. ಆಮೇಲೆ ಅವನು ಸುಳ್ಳು ಹೇಳಿದ್ದು ಕಾಣೆ.

ಅವರದ್ದು ಎರಡು ದಪ್ಪ ಡೈರಿ ನಮ್ಮ ಹತ್ತಿರ ಇವೆ. ಹಳೇ ಹಡಗು ಡೈರಿಗಳು, ಸಮುದ್ರದ ತೇವಕ್ಕೆ ಅಂಚು ಉಬ್ಬಿವೆ. ಒಂದು ಕಡೆಯಿಂದ ಅಡುಗೆ, ಇನ್ನೊಂದು ಕಡೆಯಿಂದ ಮನೆಗೆ ಕಳಿಸಿದ ಮನಿಯಾರ್ಡರ್ ಲೆಕ್ಕ. ಅಡುಗೆ ಪುಟಗಳಲ್ಲಿ ಅಳತೆ ಅಂತ ಬಹಳ ಕಡೆ ಇಲ್ಲ, ಹೆಸರುಗಳಿವೆ. ಯಾರಿಗೆ ಬೆಳ್ಳುಳ್ಳಿ ಆಗಲ್ಲ, ಯಾರಿಗೆ ಸೋಮವಾರ ಒಪ್ಪೊತ್ತು, ಯಾರು ಚಹಾಕ್ಕೆ ಎರಡು ಚಮಚ ಸಕ್ಕರೆ ಕೇಳ್ತಾರೆ. ಅವರಲ್ಲಿ ಎಷ್ಟು ಜನ ಇನ್ನೂ ಇದ್ದಾರೋ. 'ರಾಟರ್‌ಡ್ಯಾಂ ಪಲ್ಯ' ಅಂತ ಒಂದು ಪುಟ ಸಿಕ್ಕಿತು, ನುಗ್ಗೆಸೊಪ್ಪಿನ ಬದಲು ಮೂಲಂಗಿ ಸೊಪ್ಪು ಅಂತ ಅದರಲ್ಲಿದೆ. ಹಾಗೇ ಮಾಡಿ ನೋಡಿದೆ, ದೊಡ್ಡಮ್ಮ ತಿಂದು, "ಸೊಪ್ಪು ಕಹಿ ಬಿಟ್ಟೈತೆ, ಬಿಸಿನೀರಲ್ಲಿ ಅದ್ದಿ ಹಿಂಡಿಲ್ಲ ನೀನು" ಅಂದಳು. ಅವರು ಹಿಂಡುತ್ತಿದ್ದರಂತೆ, ಬರೆದಿಟ್ಟಿಲ್ಲ.

ಹೀಗೆ ಬರೆಯದೇ ಬಿಟ್ಟದ್ದು ಇನ್ನೂ ಎಷ್ಟಿದೆಯೋ, ದೊಡ್ಡಮ್ಮ ಒಬ್ಬಳಿಗೇ ಗೊತ್ತು. ಡಿಸೆಂಬರಿನಲ್ಲಿ ಸೊಗಡು ಅವರೆಕಾಯಿ ಬರೋ ಹೊತ್ತಿಗೆ ಅಕ್ಕ ಮಕ್ಕಳ ಜೊತೆ ಹಾಸನಕ್ಕೆ ಬರುತ್ತಾಳೆ. ಹಿತಕಬೇಳೆ ಹಿಸುಕುತ್ತಾ ಎಲ್ಲರೂ ಒಟ್ಟಿಗೆ ಕೂರ್ತೀವಲ್ಲ, ಆಗ ಡೈರಿಯ ಒಂದೊಂದೇ ಪುಟ ದೊಡ್ಡಮ್ಮನಿಗೆ ಓದಿ ಹೇಳಿ, ಬಿಟ್ಟುಹೋದದ್ದನ್ನು ಕೇಳಿ ಪಕ್ಕದಲ್ಲೇ ಬರೆದುಕೊಳ್ಳಬೇಕು ಅಂತ ಇದ್ದೇವೆ.